ಬೆನ್ನ ಮ್ಯಾಲಿನ ಹಗ್ಗ

…ಅಲ್ಲವ್ವ, ಹಗ್ಗ ಯಾಕ ಹೊರಗ ತಗದಿ? ಇಡು ಅದನ್ನ. ಭಾರ ಆದ್ರ ಆ ಉದ್ದನ ಲೆನ್ಸ್ ಬಿಟ್ಟು ಹೋಗು, ಹಕ್ಕಿ ಸಣ್ಣದಾಗಿ ಬಂದ್ರ ಯಾರ ಜೀವಾನೂ ಹೋಗಂಗಿಲ್ಲ. ನಾಳಿ ನೀನೂ ನಿನ್ನ ಗೆಳತಿ ಪೂಜಾನೂ ಚಂದ್ರಂಪಳ್ಳಿ ಡ್ಯಾಮಿಗೆ ಫೋಟೋ ತಗಿಲಿಕ್ಕ ಹೊಂಟೀರಿ, ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಮೊಮ್ಮಗಳ ಚೀಲ ನಾ ನೋಡೇ ಕಳಸಾಕಿ. ಇಲ್ಲಿ ಕುಂದ್ರು. ಬ್ಯಾಟರಿ ಇಟ್ಟಿಯೇನು? ಕ್ಯಾಮೆರಾದ್ದಲ್ಲವ್ವ, ಬೆಳಕಿನ ಬ್ಯಾಟರಿ. ಉಪ್ಪು-ಸಕ್ಕರಿ ಪುಡಿ, ಗಾಯದ ಪಟ್ಟಿ, ಹಳೀ ಚಾದರ, ಸೀಟಿ. ನಿಮ್ಮ ಮುತ್ಯಾ ನಗ್ತಿದ್ದ ನನಗ, "ಏನ ಶಾಂತಾ, ಫೋಟೋ ತಗಿಲಿಕ್ಕ ಹೊಂಟಿಯೋ, ಬಾವಿ ತೋಡ್ಲಿಕ್ಕ ಹೊಂಟಿಯೋ?" ಅಂತ. ನಗ್ಲಿ ಬಿಡು. ಮನ್ಯಾಗ ಕುಂತವರಿಗೆ ನಗು ಬರ್ತದ.

ಆ ವರ್ಷಗಳು ಹ್ಯಾಂಗಿದ್ದವು ಅಂತ ನಿಮಗೆಲ್ಲಿ ಗೊತ್ತು. ಶಹಾಬಾದದಾಗ ನಮ್ಮ ಸ್ಟುಡಿಯೋ ಇತ್ತು, ಮುತ್ಯಾನೇ ಎಲ್ಲಾ ನೋಡ್ಕೋತಿದ್ದ. ನಾ ಬರೇ ಬಸುರಿಗೆ ಕುಬಸ ಮಾಡೋ ಮನಿಗೆ ಹೋಗ್ತಿದ್ದೆ, ಅಲ್ಲಿ ಗಂಡಸರನ್ನ ಒಳಗ ಬಿಡಂಗಿಲ್ಲ ನೋಡು, ಅದಕ್ಕ ಕ್ಯಾಮೆರಾ ಹಿಡಿಯೋದು ಕಲಸಿದ್ದ. ಆಮ್ಯಾಲ ಸಕ್ಕರಿ ಬ್ಯಾನಿ ಬಂದು ಮುತ್ಯಾನ ಕಣ್ಣು ಮಂಜಾದ್ವು. ಅದೇ ಹೊತ್ತಿನಾಗ ಎಲ್ಲರ ಕೈಯಾಗ ಮೊಬೈಲ್ ಬಂತು, ಸ್ಟುಡಿಯೋದ ಮೆಟ್ಟಲ ಹತ್ತೋರೇ ಇಲ್ಲ. ಉಳದದ್ದು ಹೊರಗಿನ ಕೆಲಸ ಒಂದೇ, ಲಗ್ನಕ್ಕಿಂತ ಮದ್ಲ ಹುಡುಗ-ಹುಡುಗಿ ಕರಕೊಂಡು ಹೋಗಿ ಗುಡ್ಡದಾಗ, ಕೆರಿ ದಂಡಿಗಿ ಫೋಟೋ ತಗಿಯೋದು. ಯಾರು ಕರದ್ರೂ ಹೂಂ ಅಂತಿದ್ದೆ. ಇವತ್ತು ಸೇಡಂ, ನಾಳಿ ಚಿತ್ತಾಪುರ, ವಾಡಿ ಸ್ಟೇಷನ್‌ದಾಗ ಗಾಡಿ ಕಾಯ್ಕೋತ ಚೀಲದ ಮ್ಯಾಲ ತಲಿ ಇಟ್ಟು ಮಲಗಿದ್ದು ಎಷ್ಟು ಸರ್ತಿನೋ. ಚಿತ್ತಾಪುರದಾಗ ಬಿಸಲಿಗೆ ಕಣ್ಣಿಗೆ ಕತ್ತಲಿ ಬಂದು ಕುಸದೆ, ಆವತ್ತಿಂದ ಉಪ್ಪು-ಸಕ್ಕರಿ. ಚಿಂಚೋಳಿ ಅಡವ್ಯಾಗ ಜೇನು ಎದ್ದಾಗ ಮದುಮಗಳನ್ನ ಚಾದರದಾಗ ಸುತ್ತಿ ಮಲಗಿಸಿದೆ… ಅದು ಬ್ಯಾರೇ ಕಥಿ, ಬಿಡು. ಒಂದೊಂದು ಪೆಟ್ಟಿಗೆ ಒಂದೊಂದು ಸಾಮಾನು ಚೀಲಕ್ಕ ಸೇರ್ತು ಅಂತ ಹೇಳ್ಲಿಕತ್ತಿದ್ದೆ. ಎಲ್ಲಾ ಅದಾವು, ನನಗೇನ ಆಗ್ತದ ಅಂದ್ಕೊಂಡಿದ್ದೆ.

ಹಿಂಗಿರಬೇಕಾದ್ರ ಸೇಡಮಿನ ಹುಡುಗ ಒಬ್ಬ ಬಂದ, ಸಂಗಡ ಅವ ಲಗ್ನ ಆಗೋ ಹುಡುಗಿ. "ಆಂಟಿ, ಕಾಶ್ಮೀರದಂಗ ಬರಬೇಕ್ರಿ ಫೋಟೋ, ಎಲ್ಲಾ ಬೆಳ್ಳಗ" ಅಂದ. ಈ ಬಿಸಲಾಗ ಕಾಶ್ಮೀರ ಎಲ್ಲಿಂದ ತರ್ಲಿ! ಆದ್ರ ನಮ್ಮ ಶಹಾಬಾದದಾಗ ಅದನೂ ಅದ ನೋಡು. ನೆಲಕ್ಕ ಹಾಸೋ ಪರ್ಸಿ ಕಲ್ಲು ಪಾಲಿಶ್ ಮಾಡ್ತಾರಲ್ಲ, ಆ ಮಷಿನಿನ ನೀರು ಹಾಲಿನಂಗ ಬರ್ತದ, ಅದನ್ನ ಹಿಂದಿನ ತಗ್ಗಿಗೆ ಬಿಡ್ತಾರ. ಬಿಸಲಿಗೆ ಮ್ಯಾಲ ಒಣಗಿ ಕೆನಿ ಕಟ್ಟತದ, ನೋಡಿದ್ರ ಬಯಲು ಇದ್ದಂಗ ಕಾಣ್ತದ, ಒಳಗ ಹಸೀ ರಾಡಿ. ನನಗ ಗೊತ್ತಿತ್ತು ಅದು. ಅದಕ್ಕ ಅವರಿಬ್ಬರನ್ನ ದಂಡಿ ಕಲ್ಲಿನ ಮ್ಯಾಲೇ ನಿಲ್ಲಿಸಿದೆ, "ಇಲ್ಲಿಂದ ಅಲಗಬ್ಯಾಡ್ರಿ" ಅಂದೆ. ಐತ್ವಾರ, ಮಷಿನ್ ಬಂದ್, ಸುತ್ತ ಒಂದು ನರಪಿಳ್ಳಿ ಇಲ್ಲ. ಹುಡುಗಿಗೆ ನಮ್ಮ ಸ್ಟುಡಿಯೋದ್ದೇ ಕೆಂಪು ಗೌನ್ ಉಡಸಿದ್ದೆ, ಹೈದ್ರಾಬಾದದಿಂದ ತಂದದ್ದು, ಹಿಂದ ಬಾಲ ಭಾಳ ಉದ್ದ. ಆ ಬಾಲ ಪೂರಾ ಬರ್ಲಿ ಅಂತ ನಾ ಹಿಂದ ಸರದೆ, ನನ್ನ ಬೆನ್ನ ಹಿಂದನೂ ಅಂಥಾದೇ ಇನ್ನೊಂದು ತಗ್ಗು. ಇನ್ನೊಂದು ಜರಾ ಸರದೆ. ಫೋಟೋದವರದ್ದು ಇದೇ ಹಣೆಬರ, ಕಣ್ಣು ಕ್ಯಾಮೆರಾದೊಳಗ, ಕಾಲು ಹಿಂದಕ. ಹಪ್ಪಳ ಮುರದಂಗ ಸಪ್ಪಳ ಆತು. ಆಮ್ಯಾಲ ನಾ ನಡುಮಟ ಒಳಗ.

ಕಾಲು ಎತ್ತಲಿಕ್ಕ ಹೋದ್ರ ಇನ್ನೂ ಕೆಳಗ ಜಗ್ಗತದ. ಒಂದು ಕೈಯಾಗ ಕ್ಯಾಮೆರಾ ಮ್ಯಾಲ ಎತ್ತಿ ಹಿಡದೀನಿ, ಅದು ಹೋದ್ರ ನಮ್ಮ ಮನಿ ಒಲಿ ಹೋದಂಗ, ಗೊತ್ತದಲ್ಲ. ಹುಡುಗ ಒದರಿದ, "ಆಂಟಿ, ಹಗ್ಗ ಅದ ಏನ್ರೀ?"

"ಅದಪ್ಪ!"

"ಎಲ್ಲದ ರೀ?"

"ನನ್ನ ಬೆನ್ನ ಮ್ಯಾಲ, ಚೀಲದಾಗ!"

"ಹಂಗಾರ ಒಗೀರಿ!"

ಹ್ಯಾಂಗ ಒಗೀಲಿ? ಪಟ್ಟಿ ಎರಡೂ ಹೆಗಲಿಗೆ, ಚೀಲದ ತಳ ರಾಡಿ ಹಿಡದದ. ಸೀಟಿನೂ ಅದರಾಗೇ. ಎಲ್ಲಾ ಸಾಮಾನೂ ನನ್ನ ಸಂಗಡ ಮುಳಗ್ಲಿಕತ್ತಾವ! ಆ ಹುಡುಗ ಯಾರಿಗೋ ಫೋನ್ ಹಚ್ಚಿ "ಲೊಕೇಶನ್ ಹಾಕ್ತೀನಿ, ಜಲ್ದಿ ಬರ್ರಿ" ಅಂತಾನ, ಮಾತಾಡ್ಕೋತನೇ ಒಳಗ ಕಾಲಿಡ್ಲಿಕ್ಕ ಬಂದ. ಹುಡುಗಿ ಅವನ ಅಂಗಿ ಹಿಡದು ಜಗ್ಗಿದ್ಲು, "ನೀನೂ ಹೋಗ್ತಿಯೇನು? ನಿಲ್ಲು!" ಅಂತ. ಮದ್ಲ ಮಾತೇ ಆಡಿದ್ದಿಲ್ಲ ಆಕಿ, ನಿನ್ನಂಗೇ. ಆಮ್ಯಾಲ ನನ್ನ ಕಡಿ ನೋಡಿ ಭಾಳ ಮೆತ್ತಗ ಕೇಳಿದ್ಲು, "ಆಂಟಿ, ನಿಮ್ಮ ಗೌನ್ ಹರೀಲೇನ್ರೀ?" ಎದಿಮಟ ಹೋಗೀನಿ ನಾ, ಈಕಿ ಪರ್ಮಿಷನ್ ಕೇಳ್ತಾಳ! "ಹರೀ ನಮ್ಮವ್ವ, ಹರೀ!" ಅಂದೆ. ಹಲ್ಲಿಲೆ ಕಚ್ಚಿ ಹರದ್ಲು, ಇಬ್ಬರೂ ಕೂಡಿ ಹುರಿ ಮಾಡಿ ಒಗದ್ರು. ಒಂದು ಕೈಯಾಗ ಹಿಡದೆ, ಜಾರಿತು. ಮತ್ತ ಹಿಡದೆ, ಮತ್ತ ಜಾರಿತು. "ಕ್ಯಾಮೆರಾ ಬಿಡ್ರೀ ಆಂಟಿ!" ಅಂತಾಳ. "ಬಿಡಂಗಿಲ್ಲ" ಅಂತೀನಿ. "ಬಿಡ್ರೀ!" ಅಂತ ಅಳ್ಲಿಕತ್ಲು. ಕೆಸರು ಕುತ್ತಿಗಿ ಹತ್ರ ಬಂತು. ಬಿಟ್ಟೆ. ಗಣಪತಿ ಕಳಸಿದಂಗ ಮೆಲ್ಲಕ ಹೋತು ಅದು, ಗುಳ್ಳಿ ಎಬ್ಬಿಸಿ. ಎರಡೂ ಕೈಲೆ ಆ ಕೆಂಪು ಅರಬಿ ಹಿಡದೆ, ಹೊಟ್ಟಿ ಮ್ಯಾಲ ಬಿದ್ದು ಅಷ್ಟಷ್ಟೇ ದಂಡಿಗಿ ಬಂದೆ. ಎಷ್ಟು ಹೊತ್ತಾತೋ ಖಬರಿಲ್ಲ.

ಮನಿಗೆ ಬರೋದ್ರಾಗ ಮೈಮ್ಯಾಲಿನ ರಾಡಿ ಒಣಗಿ ಬಿರಕ ಬಿಟ್ಟಿತ್ತು. ಮುತ್ಯಾ ನನ್ನ ಕೈ ಮುಟ್ಟಿ ನೋಡಿ, "ಯಾರವ್ವ ನೀ? ಗೋಡಿ ಮುಟ್ಟಿದಂಗಾಗ್ತದ" ಅಂದ. ಹೇಳಿದೆ ಎಲ್ಲಾ. ಕ್ಯಾಮೆರಾದ ಸುದ್ದಿನೂ ಹೇಳಿದೆ. ಅವ ಕೇಳಿದ್ದು ಒಂದೇ, "ಹಗ್ಗ ಇತ್ತಲ್ಲ?" ಚೀಲ ಬಿಚ್ಚಿ ಅವನ ಕೈಯಾಗ ಕೊಟ್ಟೆ. ಪ್ಲಾಸ್ಟಿಕ್‌ದಾಗ ಸುತ್ತಿದ್ದೆ ನೋಡು, ಹಗ್ಗ ಹೊಸಾದು, ಒಣಾ ಒಣಾ, ಅಂಗಡಿಯವ ಕಟ್ಟಿದ ಗಂಟು ಸುದ್ದಕ ಹಂಗೇ ಇತ್ತು. ಅದನ್ನ ತೊಡಿ ಮ್ಯಾಲ ಇಟ್ಕೊಂಡು ಕುಂತ ಮುತ್ಯಾ. ಆಮ್ಯಾಲಿನ ದಿನಗಳು… ಏನ್ ಹೇಳ್ಲಿ. ಕ್ಯಾಮೆರಾ ಇಲ್ಲದ ಸ್ಟುಡಿಯೋ ಬಾಗಲಾ ತಗದು, ಕಸಾ ಹೊಡದು, ಕುಂತು, ಸಂಜಿಗೆ ಮುಚ್ಚತಿದ್ದೆ. ಸಾಕಾಗಿಬಿಟ್ಟಿತ್ತವ್ವ. ಆ ಹುಡುಗಿ ಲಗ್ನಕ್ಕ ಕರೀಲಿಕ್ಕ ಬಂದಾಗ "ಯಾತರಿಂದ ತಗೀಲಿ ಫೋಟೋ?" ಅಂದೆ. "ಫೋಟೋಕ್ಕಲ್ರೀ, ಉಣ್ಲಿಕ್ಕ ಬರ್ರಿ" ಅಂದ್ಲು.

ಅದಕ್ಕ ಹೇಳ್ತೀನಿ, ಸೀಟಿ ಚೀಲದಾಗ ಬ್ಯಾಡ, ಕೊಳ್ಳಾಗ ಹಾಕ್ಕೋ, ನಿನಗ ಒದರಲಿಕ್ಕ ಬರಂಗಿಲ್ಲ. ಹಗ್ಗ ಕೊಡು ಇಲ್ಲಿ. ನಿನ್ನ ಚೀಲದಾಗಲ್ಲ, ಹುಚ್ಚಿ, ಪೂಜಾನ ಚೀಲದಾಗ ಇಡು. ಆಕಿ ಹಗ್ಗ ನಿನ್ನ ಕಡಿ ಇರ್ಲಿ. ನಾಚಿಕಿ ಬಿಟ್ಟು ಬಾಯಿ ತಗದು ಹೇಳು ಆಕಿಗೆ, ನೀ ಬಿದ್ರ ಜಗ್ಗಾಕಿ ನಾ, ನಾ ಬಿದ್ರ ನೀ ಅಂತ. ಹೋಗು, ಈಗೇ ಫೋನ್ ಹಚ್ಚು.