ಕಪ್ಪು ಹುಂಜದ ವೈನು

ನಗ್ಬೇಡ ಮಾರಾಯ್ತಿ, ಸುಳ್ಳಲ್ಲ! ಬಾಟ್ಲಿಯ ಕುತ್ತಿಗೆ ಮೇಲೆ ಕೋಳಿಯೇ. ಕಪ್ಪು ಹುಂಜ! ಇಟಲಿಯವರ ವೈನು ಅದು, ಕಿಯಾಂತಿ ಕ್ಲಾಸಿಕೊ ಅಂತ. ಈ ಅರಬರ ಊರಿನ ಇಡೀ ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನನ್ನಷ್ಟು ಚಂದ ಅದನ್ನು ಬಡಿಸುವವರು... ಸರಿ, ಸರಿ, ಸುರಿಯುವವರು! ಗಂಡನ ವೇಟರ್ ಕೆಲಸಕ್ಕೆ ಒಂದು ಮರ್ಯಾದೆ ಬೇಡ್ವಾ ಡಿಂಪಲ್?

ಆ ಹುಂಜ ಸಿಕ್ಕಸಿಕ್ಕ ಬಾಟ್ಲಿ ಮೇಲೆಲ್ಲ ಕೂರುವುದಿಲ್ಲ. ಕಾನೂನು ಉಂಟು. ಫ್ಲಾರೆನ್ಸ್, ಸಿಯೆನಾ ಅಂತ ಎರಡು ಊರು. ಅವೆರಡರ ನಡುವಿನ ಗುಡ್ಡಗಳಲ್ಲೇ ದ್ರಾಕ್ಷಿ ಬೆಳೀಬೇಕು. ಕಮ್ಮಿ ಅಂದ್ರೂ ನೂರಕ್ಕೆ ಎಂಬತ್ತು ಪಾಲು ಸಾಂಜೊವೇಸೆ ಅನ್ನುವ ಒಂದೇ ಜಾತಿ. ಬಿಳಿ ದ್ರಾಕ್ಷಿ ಬೆರೆಸಿದ್ರೋ, ಹೆಸರು ಖಲಾಸ್! ವರ್ಷ ತುಂಬದೆ ಮಾರುವ ಹಾಗೂ ಇಲ್ಲ... ಎಂತ? ನಮ್ಮ ಮದುವೆಗೂ ಇಷ್ಟು ವಿಚಾರಿಸಿರಲಿಲ್ವಾ? ಹಹ್ಹಾ! ವಿಚಾರಿಸಿದ್ರೆ ನಿನ್ನಪ್ಪ ಕೊಡ್ತಿದ್ರಾ?

ಕೇಳು ಈಗ. ನಿನ್ನೆ ಸಂಜೆ ಬೆಂಗಳೂರಿನವರೊಬ್ರು ಬಂದಿದ್ರು, ಗುರುದತ್ತ ಅಂತ. ಮಗಳ ನಿಶ್ಚಿತಾರ್ಥದ ಪಾರ್ಟಿ. ಹುಂಜದ ವೈನೇ ಬೇಕು ಅಂದ್ರು. ಸ್ಟಾಕ್ ಮಾಫಿ! ಒಂದು ಬಾಟ್ಲಿಯೂ ಇಲ್ಲ! ನಮ್ಮ ಮ್ಯಾನೇಜರ್ ಎಂತ ಮಾಡಿದ ಗೊತ್ತುಂಟಾ? ಹುಂಜದ ಖಾಲಿ ಬಾಟ್ಲಿಗೆ ಯಾವುದೋ ಅಗ್ಗದ ವೈನು ತುಂಬಿಸಿ, "ಪೃಥ್ವಿರಾಜ್, ಯಲ್ಲಾ, ಬೇಗ ತಗೊಂಡು ಹೋಗು" ಅಂದ.

ಹೋದೆ. ಸುರಿದೆ. ಗುರುದತ್ತ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದ್ರು... ಇಗೋ, ಹೀಗೆ! "ಆಹಾ, ಅಸಲಿ ಮಾಲು!" ಅಂದ್ರು. ನಂಗೆ ನಗು ತಡೀಲಿಕ್ಕೇ ಆಗ್ಲಿಲ್ಲ. ಮ್ಯಾನೇಜರ್ ಪಕ್ಕದಲ್ಲೇ ಇದ್ದ, ಆದ್ರೆ ಅವನಿಗೆ ಕನ್ನಡ ಎಲ್ಲಿ ಬರ್ತದೆ? ಮೆಲ್ಲ ಬಗ್ಗಿ ಹೇಳಿದೆ. "ಸಾರ್, ಹೊರಗೆ ಹುಂಜ ಉಂಟು... ಒಳಗಿರೋದು ಹೇಂಟೆ!"

ಮದುಮಗಳು ಬಿದ್ದು ಬಿದ್ದು ನಕ್ಕಳು! ಆದ್ರೆ ಆ ಪುಣ್ಯಾತ್ಮ ಗುರುದತ್ತ... ಇಡೀ ಟೇಬಲ್ಲಿಗೆ ಅದನ್ನೇ ಇಂಗ್ಲಿಷಲ್ಲಿ ಹೇಳಿಬಿಡುವುದಾ! ಅದೂ ಗಟ್ಟಿಯಾಗಿ! ಮ್ಯಾನೇಜರನ ಮುಖ ನೀನು ನೋಡ್ಬೇಕಿತ್ತು...

ಎಂತ, ನಗು ನಿಂತೇ ಹೋಯ್ತು? ಹೇಂಟೆ ಅಂದ್ರೆ...

ಡ್ಯೂಟಿಗಾ? ಇವತ್ತು ರಜೆ ಅಂತ ಬೆಳಿಗ್ಗೆಯೇ ಹೇಳಿದೆನಲ್ಲ. ನಾಳೆಯಾ? ನಾಳೆ... ನಾಳೆಯೂ ರಜೆಯೇ.

ಹಾಗೆ ನೋಡ್ಬೇಡ. ಬಾಯಿ ಮುಚ್ಚಿಕೊಂಡು ಇರ್ಬಹುದಿತ್ತು, ಗೊತ್ತುಂಟು. ಆದ್ರೆ ಗ್ಲಾಸ್ ತುಂಬಿಸಿದ್ದಕ್ಕೆ ಆ ಹುಡುಗಿ "ಥ್ಯಾಂಕ್ಸ್ ಅಣ್ಣಾ" ಅಂದ್ಲು ಮಾರಾಯ್ತಿ. ಅವಳ ನಿಶ್ಚಿತಾರ್ಥದ ದಿನ... ಅಣ್ಣ ಅಂತ ಕರೆಸಿಕೊಂಡು ಮೋಸ ಮಾಡುವುದು ಹೇಗೆ?

ಡಿಂಪಲ್... ಡಿಂಪಲ್, ಬೇಕಾದ್ರೆ ಬೈ. ಈ ಕೆಲಸದ ಮೇಲೆ ನನ್ನ ವೀಸಾ, ನನ್ನ ವೀಸಾದ ಮೇಲೇ ನಿನ್ನ ವೀಸಾ ಉಂಟು ಅಂತ... ನಂಗೆ ಗೊತ್ತಿಲ್ವಾ?