ಮೂರನೇ ಜೀವ

ಬಾಗಿಲು ಹಾಕಿದೀರಾ? ಅಗುಳಿ? ... ಸರಿ. ಇದನ್ನ ಬಾಗಿಲು ತೆಗೆದಿಟ್ಟು ಹೇಳೋ ಧೈರ್ಯ ನನಗಿಲ್ಲ. ಯಾರದೋ ಊರಿನ ಯಾರದೋ ಕತೆ ಅಲ್ಲ ಇದು, ನನ್ನ ದೊಡ್ಡಪ್ಪನ ಮಗಳು ತಾಮ್ಸಿನ್‌ಗೆ ಆಗಿದ್ದು. ನಗೋರು ಈಗಲೇ ನಕ್ಕುಬಿಡಿ, ಮಧ್ಯದಲ್ಲಿ ಹಲ್ಲು ಕಿರಿದ್ರೆ ಎದ್ದು ಹೋಗ್ತೀನಿ.

ಸೇಂಟ್ ಮೈಕೇಲ್ ಹಬ್ಬದ ಮಾರನೇ ದಿನ. ಒಡೆಯರ ಚಾವಡಿಯಿಂದ ತಾಮ್ಸಿನ್ ಒಬ್ಬಳೇ ಮನೆಗೆ ಬರ್ತಿದ್ಲು. ಹೊತ್ತು ಮುಳುಗಿತ್ತು. ಹೋಲ್‌ಕೂಂಬ್ ಇಳಿಜಾರು ನಿಮಗೇ ಗೊತ್ತು. ಎರಡೂ ಕಡೆ ತಲೆಗಿಂತ ಎತ್ತರದ ಬೇಲಿ, ಮಧ್ಯದಲ್ಲಿ ಕೆಸರು ದಾರಿ, ಕೆಳಗಡೆ ಆ ಮುದಿ ಯೂ ಮರ, ಮರದ ಬುಡದಲ್ಲಿ ಬಾವಿ. ಗಾಳಿ ಇಲ್ಲ. ಒಂದು ಹಕ್ಕಿ ಸದ್ದಿಲ್ಲ. ಅವಳ ಮರದಟ್ಟೆ ಜೋಡಿನ ಸದ್ದು ಮಾತ್ರ... ಟಕ್. ಟಕ್. ಟಕ್.

ಎದೆ ಡವಡವ ಹೊಡ್ಕೊಳ್ತಿತ್ತು. ದೆವ್ವದ ಭಯಕ್ಕಲ್ಲ. ಆವತ್ತು ಮಧ್ಯಾಹ್ನ ಅವಳು ಬೈಬಲ್ ಮೇಲೆ ಕೈಯಿಟ್ಟು ಸುಳ್ಳು ಆಣೆ ಮಾಡಿದ್ಲು.

ಯಾಕಂದ್ರೆ, ನಮ್ಮ ಕಡೆ ಗೇಣಿ ಮೂರು ಜೀವಕ್ಕೆ. ಕಡತದಲ್ಲಿ ಮೂರು ಹೆಸರು ಬರೆಸ್ತೀವಿ. ಮೂವರಲ್ಲಿ ಒಬ್ಬ ಉಸಿರಾಡ್ತಿರೋವರೆಗೂ ಮನೆ, ಹೊಲ, ಹುಲ್ಲುಗಾವಲು ಎಲ್ಲಾ ಆ ಕುಟುಂಬದ್ದು. ಮೂರನೆಯವನೂ ಕಣ್ಣು ಮುಚ್ಚಿದ ಅಂದ್ರೆ ಮುಗೀತು, ಎಲ್ಲಾ ಒಡೆಯರಿಗೆ ವಾಪಸ್ಸು. ಬೇರೆ ಊರುಗಳಲ್ಲಿ ವಿಧವೆಗೆ ಅಷ್ಟೋ ಇಷ್ಟೋ ಹಕ್ಕಿದೆಯಂತೆ. ಹೋಲ್‌ಕೂಂಬ್‌ನಲ್ಲಿ ಅದೂ ಇಲ್ಲ. ತಾಮ್ಸಿನ್ ಮನೆಗೆ ಬರೆಸಿದ್ದ ಹೆಸರುಗಳು ಅವಳ ಮಾವ, ಅವಳ ಗಂಡ ಡಿಗರಿ, ಗಂಡನ ತಮ್ಮ ಪಾಸ್ಕೋ. ಮಾವ ಹೋದ. ಹಿಂದಿನ ಚಳಿಗಾಲ ಡಿಗರಿ ಜ್ವರ ಬಂದು ಹೋದ. ಉಳಿದಿದ್ದು ಪಾಸ್ಕೋ ಒಬ್ಬ. ಇಪ್ಪತ್ತಮೂರರ ಹುಡುಗ, ಡಾರ್ಟ್‌ಮತ್‌ನಲ್ಲಿ ಮೀನಿನ ಹಡಗು ಹತ್ತಿ ನ್ಯೂಫೌಂಡ್‌ಲ್ಯಾಂಡ್ ಕಡೆ ಹೋಗಿದ್ದ.

ಆ ಚಾವಡಿಗೆ ಮೂರು ವಾರ ಮುಂಚೆ ಒಬ್ಬ ನಾವಿಕ ಹಿತ್ತಲ ಬಾಗಿಲಿಗೆ ಬಂದು ಟೋಪಿ ತೆಗೆದು ಪಿಸುಗುಟ್ಟಿದ್ದ.

"ಅಲೆ ಬಂತು, ತಾಯಿ. ನನ್ನ ಪಕ್ಕದಲ್ಲೇ ಇದ್ದ. ಆಮೇಲೆ... ಇರಲಿಲ್ಲ."

ತಾಮ್ಸಿನ್ ಅವನಿಗೆ ಬಾರ್ಲಿ ರೊಟ್ಟಿ, ಚೀಸು ಕಟ್ಟಿಕೊಟ್ಟು, ಈ ಮಾತು ಯಾರ ಕಿವಿಗೂ ಬೀಳಬಾರದು ಅಂತ ಬೇಡ್ಕೊಂಡ್ಲು. ಅವನು ಪುಣ್ಯಾತ್ಮ, ಬಾಯಿ ಬಿಡದೆ ತಿರುಗಿ ಹಡಗು ಹತ್ತಿದ. ಮನೇಲಿ ಎರಡು ಹೆಣ್ಣುಮಕ್ಕಳು. ಪೆರ್ನೆಲ್‌ಗೆ ಏಳು, ಡಾರ್ಕಸ್‌ಗೆ ಐದು. ಪಾಸ್ಕೋ ಸತ್ತ ಅಂತ ಗೊತ್ತಾದ್ರೆ ಮೂವರೂ ಬೀದಿಗೆ. ಪಾಪ, ಆ ಹುಡುಗನಿಗಾಗಿ ಜೋರಾಗಿ ಅಳೋ ಹಾಗೂ ಇರಲಿಲ್ಲ ಅವಳು. ಅತ್ರೆ ಪಕ್ಕದ ಮನೆಗೆ ಕೇಳುತ್ತಲ್ಲ.

ಆವತ್ತು ಚಾವಡಿಯಲ್ಲಿ ಒಡೆಯರ ಪಾರುಪತ್ಯಗಾರ ಹಾಬ್ಲಿನ್, ಕಡತದ ಮೇಲೆ ಬೆರಳಿಟ್ಟು ಕೇಳಿದ.

"ಪಾಸ್ಕೋ ಎಂಡಕಾಟ್ ಎಲ್ಲಮ್ಮಾ? ಇದ್ದಾನೋ, ಮೀನಿನ ಬಾಯಿಗೆ ಬಿದ್ನೋ?"

ಜನ ಕಿಸಕ್ ಅಂತ ನಕ್ರು. ಆ ನಗು ಕೇಳಿ ಅವಳಿಗೆ ಎಲ್ಲಿತ್ತೋ ಸಿಟ್ಟು.

"ಇದ್ದಾನೆ ಸ್ವಾಮಿ. ಊರಿಗೆ ಬಂದಿದ್ದಾನೆ. ಹುಷಾರಿಲ್ಲ. ನನ್ನ ಸೂರಿನ ಕೆಳಗೇ ಇದ್ದಾನೆ."

"ಆಣೆ?"

"ದೇವರಾಣೆ."

"ಹಂಗಾದ್ರೆ ಸೇಂಟ್ ಮಾರ್ಟಿನ್ ಹಬ್ಬಕ್ಕೆ ಚಾವಡಿ ಮತ್ತೆ ಸೇರುತ್ತೆ. ಅವನ ಹೆಸರು ಮೂರು ಸಲ ಕೂಗಿಸ್ತೀನಿ. ಬಂದು ಎಲ್ಲರ ಮುಂದೆ ನನ್ನ ಕೋಲಿನ ತುದಿ ಹಿಡೀಲಿ. ಬರ್ಲಿಲ್ಲ ಅಂದ್ರೆ ಸತ್ತ ಅಂತ ಬರೀತೀನಿ."

ಹಾಬ್ಲಿನ್ ಹೇಳಿದ್ದನ್ನೇ ತಲೇಲಿಟ್ಕೊಂಡು ತಾಮ್ಸಿನ್ ಬಾವಿ ಹತ್ತಿರ ಬಂದಿದ್ಲು. ಆಗ...

ಪಚಕ್.

ಹಿಂದೆ. ನೀರು ತುಂಬಿದ ಬೂಟನ್ನ ಕೆಸರಿಂದ ಕಿತ್ತು ಮುಂದಿಟ್ಟ ಸದ್ದು. ತಾಮ್ಸಿನ್ ನಿಂತ್ಲು. ಅದೂ ನಿಂತಿತು. ಎರಡು ಹೆಜ್ಜೆ ಇಟ್ಲು. ಪಚಕ್... ಪಚಕ್. ಉಪ್ಪಿನ ವಾಸನೆ, ಹಡಗಿನ ಟಾರಿನ ವಾಸನೆ. ಸಮುದ್ರ ಅಲ್ಲಿಂದ ಹನ್ನೆರಡು ಮೈಲಿ ರೀ! ತಿರುಗಿ ನೋಡೋಕೆ ಕತ್ತು ಬರಲಿಲ್ಲ. ಜೋಡು ಕಳಚಿ ಕೈಯಲ್ಲಿ ಹಿಡ್ಕೊಂಡು, ಬರಿಗಾಲಲ್ಲಿ ಓಡಿದ್ಲು ನೋಡಿ... ಗೇಟಿನವರೆಗೂ ಆ ಸದ್ದು ಬೆನ್ನಿಗೇ ಇತ್ತು.

ಒಳಗೆ ಮಕ್ಕಳು ಒಲೆ ಮುಂದೆ ಕೂತಿದ್ವು. ಡಾರ್ಕಸ್ ತಲೆ ಎತ್ತಿ ಹೇಳಿದ್ಲು.

"ಅಮ್ಮಾ, ಪಾಸ್ಕೋ ಚಿಕ್ಕಪ್ಪ ಬಂದ."

"ಏನಂದೆ?"

"ಆಗ್ಲೇ ಬಂದ. ಪೂರ್ತಿ ನೆನೆದುಹೋಗಿದಾನೆ. ಒಲೆ ಹತ್ರ ಬಾ ಅಂದೆ. ಬರಲ್ಲ, ನಾನು ಈ ಮನೇಲಿ ಇರ್ಬೇಕಂತೆ, ನಿಮ್ಮಮ್ಮ ಆಣೆ ಮಾಡಿದಾಳೆ ಅಂದ."

ಬಾವಿಯಿಂದ ಆ ಮನೆಗೆ ಇನ್ನೊಂದು ದಾರಿ ಇಲ್ಲ. ತಾಮ್ಸಿನ್ ಗೋಡೆ ಹಿಡ್ಕೊಂಡ್ಲು. ಮೇಲೆ ಅಟ್ಟದ ಹಲಗೆ ಸಂದಿಯಿಂದ ಒಂದು ಹನಿ ಊಟದ ಮೇಜಿನ ಮೇಲೆ ಬಿತ್ತು. ತೊಟ್. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು.

"ಯಾರೂ ಅಟ್ಟ ಹತ್ತಬಾರದು," ಅಂದ್ಲು. "ಹತ್ತಿದ್ರೆ ಕಾಲು ಮುರೀತೀನಿ." ಯಾವತ್ತೂ ಮಕ್ಕಳಿಗೆ ಹೀಗೆ ಗದರಿಸಿದವಳಲ್ಲ. ಪೆರ್ನೆಲ್ ಅತ್ತುಬಿಟ್ಟಳು.

ಆರು ವಾರ ಹೀಗೇ. ಹಗಲೆಲ್ಲ ತೊಟ್, ತೊಟ್. ಹೆಜ್ಜೆ ಸದ್ದಿಲ್ಲ, ಕೆಮ್ಮಿಲ್ಲ, ಹೊರಳಾಟ ಇಲ್ಲ. ಏಣಿಯ ಕೊನೇ ಮೆಟ್ಟಿಲ ಮೇಲೆ ಬಟಾಣಿ ಗಂಜಿ ಇಡೋಳು, ಅದು ಹಾಗೇ ಇರೋದು, ಅದರ ಮೇಲೆ ಒಂದು ಬೆರಳು ನೀರು ನಿಂತಿರೋದು. ಹಂದಿಗೆ ಹಾಕಿದ್ರೆ ಹಂದಿಯೂ ಮೂಸಲಿಲ್ಲ. ಸುದ್ದಿ ಊರೆಲ್ಲ ಹಬ್ಬಿತ್ತು, ಹಬ್ಬದೇ ಇರುತ್ತಾ? ಪಕ್ಕದ ಮನೆ ಎಬಟ್ ಮೊಟ್ಟೆ ಕೊಡೋ ನೆಪದಲ್ಲಿ ಬಂದ್ಲು.

"ಏನೇ, ಮೈದುನ ಬಂದಿದಾನಂತೆ? ಒಂದು ಲೋಟ ಸೈಡರ್‌ಗೂ ಹೊರಗೆ ಬಿಡಲ್ವಲ್ಲೇ! ಅಷ್ಟು ಚೆನ್ನಾಗಿದಾನಾ?"

ತಾಮ್ಸಿನ್ ನಗಲಿಲ್ಲ. ತೊಟ್ ಅಂತು. ಎಬಟ್ ಮೇಲೆ ನೋಡಿದ್ಲು. ಮಳೆ ಬಂದು ಹತ್ತು ದಿನ ಆಗಿತ್ತು. ಅವಳ ಮುಖದ ನಗು ಹಾಗೇ ಇಳೀತು.

"ತಾಮ್ಸಿನ್... ಅವನು ಉಸಿರಾಡ್ತಾನಾ?"

"ಕೇಳಬೇಡ ಎಬಟ್."

ಎಬಟ್ ಮೊಟ್ಟೆ ಬುಟ್ಟಿ ಅಲ್ಲೇ ಬಿಟ್ಟು ಹೋದ್ಲು. ಆ ಬುಟ್ಟಿ ಕೇಳ್ಕೊಂಡು ಅವಳು ಮತ್ತೆಂದೂ ಬರಲಿಲ್ಲ, ನೋಡಿ. ಎಬಟ್ ಎಂಥಾ ಜುಗ್ಗಿ ಅಂತ ನಿಮಗೆ ಗೊತ್ತಲ್ಲ.

ಸೇಂಟ್ ಮಾರ್ಟಿನ್ ಹಬ್ಬ ಬಂತು. ತಾಮ್ಸಿನ್ ಅಟ್ಟದ ಕಡೆ ಒಂದು ಮಾತೂ ಆಡದೆ ಒಬ್ಬಳೇ ಹೊರಟ್ಲು. ಅವನು ಬರದೇ ಇದ್ರೆ ಮನೆ ಹೋಗುತ್ತೆ ಅಂತ ಭಯ. ಬಂದುಬಿಟ್ರೆ ಅಂತ ಅದಕ್ಕಿಂತ ಭಯ. ಚಾವಡಿಯಲ್ಲಿ ಹಿಂದಿನ ಬೆಂಚಿನ ಮೇಲೆ ಶಾಲಿನ ಅಂಚು ಹಿಂಡ್ಕೊಂಡು ಕೂತಳು.

ಕೂಗೋನು ಬಾಗಿಲಿಗೆ ಹೋಗಿ ಕೂಗಿದ. "ಪಾಸ್ಕೋ ಎಂಡಕಾಟ್!"

ಯಾರೂ ಇಲ್ಲ.

"ಪಾಸ್ಕೋ ಎಂಡಕಾಟ್!"

ಹಾಬ್ಲಿನ್ ಲೇಖನಿ ಶಾಯಿಗೆ ಅದ್ದಿದ. ಲೇಖನಿ ಕುಡಿಕೆಗೆ ತಾಗಿದ ಸದ್ದು ಕೂಡ ಕೇಳಿಸ್ತಂತೆ ಅವಳಿಗೆ... ಠಿಣ್.

"ಪಾಸ್ಕೋ ಎಂಡಕಾಟ್!"

ಪಚಕ್.

"ಇದ್ದೀನಿ," ಅಂತು ಒಂದು ದನಿ.

ನಾಯಿಗಳು ಮೇಜಿನ ಕೆಳಗಿಂದ ಎದ್ದು ಹೊರಗೆ ಓಡಿದ್ವು. ಜನ ತಾವಾಗೇ ದಾರಿ ಬಿಟ್ರು. ನಮ್ಮಪ್ಪ ಅಲ್ಲೇ ಇದ್ದ, ಅವನ ಬಾಯಿಂದಲೇ ಕೇಳಿದೀನಿ. ಪಾಸ್ಕೋನೇ. ಅದೇ ಮೂಗು, ಅದೇ ಸೊಟ್ಟ ಭುಜ. ತುಟಿ ಮಾತ್ರ ನೀಲಿ. ಹೋಗಿ ಕೋಲಿನ ತುದಿ ಹಿಡಿದ. ಇನ್ನೊಂದು ತುದಿ ಹಿಡಿದಿದ್ದ ಹಾಬ್ಲಿನ್ ತಟಕ್ಕನೆ ಕೈ ಬಿಟ್ಟು, ಒದ್ದೆಯಾಗಿ ಕೊರೆಯೋ ಅಂಗೈನ ಕೋಟಿಗೆ ಒರೆಸ್ಕೊಂಡ.

"ಅಬ್ಬಾ, ಇನ್ನೂ ಜ್ವರ ಬಿಟ್ಟಿಲ್ವೇನಯ್ಯಾ ನಿನಗೆ? ಹೋಗು, ಹೋಗಿ ಮಲಗು."

"ಮಲಗಬೇಕು, ಸ್ವಾಮಿ," ಅಂದ ಪಾಸ್ಕೋ.

ಹಾಬ್ಲಿನ್ ಬರೆದ. ಸ್ವತಃ ಬಂದ, ಬದುಕಿದ್ದಾನೆ, ಅಂತ.

ಮನೆಗೆ ಬರೋವಾಗ ಅವಳ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಅವನು. ಅವಳ ಟಕ್, ಅವನ ಪಚಕ್. ಬಾವಿ ಹತ್ತಿರ ಅವನು ನಿಂತ. ಅವಳೂ ನಿಂತಳು, ಬೆನ್ನು ಹಾಕ್ಕೊಂಡೇ.

"ಅತ್ತಿಗೆ..."

ಅವಳು ಬೇಲಿಯ ಕೊಂಬೆ ಬಿಗಿಯಾಗಿ ಹಿಡ್ಕೊಂಡ್ಲು.

"ನನ್ನನ್ನ ಬಿಡು ಅತ್ತಿಗೆ. ನಾಳೆ ಹೋಗಿ ಸತ್ತ ಅಂತ ಹೇಳು. ನೀನು ಹೇಳೋವರೆಗೂ ನಾನು ಮಲಗೋ ಹಾಗಿಲ್ಲ. ಕಣ್ಣು ಮುಚ್ಚೋ ಹಾಗಿಲ್ಲ."

ತಾಮ್ಸಿನ್ ಯೋಚಿಸಿದ್ಲು. ಹೂಂ ಅಂದುಬಿಟ್ರೆ ಈ ಸದ್ದು ನಿಲ್ಲುತ್ತೆ, ಈ ವಾಸನೆ ಹೋಗುತ್ತೆ, ರಾತ್ರಿ ಕಣ್ಣು ಮುಚ್ಚಬಹುದು. ನಾನಾಗಿದ್ರೆ ಅಂದುಬಿಡ್ತಿದ್ದೆ, ದೇವರಾಣೆ. ಅವಳಿಗೆ ಮಕ್ಕಳು ನೆನಪಾದ್ವು. ಮನೆ ಕಳ್ಕೊಂಡ ವಿಧವೆಯರನ್ನ ಊರಿಂದ ಊರಿಗೆ ಹೊಡೆದು ಅಟ್ಟೋದನ್ನ ಅವಳು ನೋಡಿದ್ಲು. ದಾರಿಬದಿ ಬೇಲಿ ಕೆಳಗೆ ಹೆಪ್ಪುಗಟ್ಟಿ ಸತ್ತ ಕೂಸನ್ನೂ ನೋಡಿದ್ಲು.

"ಇಲ್ಲ," ಅಂದ್ಲು.

"ಅತ್ತಿಗೆ, ತುಂಬ ಸುಸ್ತಾಗಿದೆ."

"ಡಾರ್ಕಸ್ ಮದುವೆ ಆಗೋವರೆಗೂ ಬಿಡಲ್ಲ ಪಾಸ್ಕೋ. ನನ್ನನ್ನ ಏನು ಬೇಕಾದ್ರೂ ಮಾಡ್ಕೋ. ಬಿಡಲ್ಲ."

ಬಾವಿಯೊಳಗೆ ಏನೋ ಬುಳುಕ್ ಅಂತು. ಅವನು ಕೈ ಎತ್ತುತ್ತಾನೆ, ಕತ್ತು ಹಿಡೀತಾನೆ ಅಂತ ಅವಳು ಕಣ್ಣು ಮುಚ್ಚಿಕೊಂಡು ಕಾದಳು. ಅವನು ಅತ್ತ. ಮಕ್ಕಳ ಹಾಗೆ, ಸಣ್ಣಗೆ ಬಿಕ್ಕಿಬಿಕ್ಕಿ ಅತ್ತ. ಆಮೇಲೆ ಅವಳ ಹಿಂದೆಯೇ ಮನೆಗೆ ಬಂದು, ಏಣಿ ಹತ್ತಿ ಹೋದ. ಅವನು ಹೊಡೆದಿದ್ರೂ ಅಷ್ಟು ಹೆದರ್ತಿರಲಿಲ್ಲ ಕಣೇ, ಅಂತ ತಾಮ್ಸಿನ್ ನನ್ನ ಹತ್ರ ಹೇಳಿದ್ಲು. ಸತ್ತವನು ತನ್ನ ಮಾತು ಕೇಳಿದ್ನಲ್ಲ, ಅದಕ್ಕೇ ಅವಳ ರಕ್ತ ಹೆಪ್ಪುಗಟ್ಟಿತಂತೆ.

ಹನ್ನೆರಡು ವರ್ಷ. ವರ್ಷಕ್ಕೆ ಎರಡು ಚಾವಡಿ. ಮೂರನೇ ಕೂಗಿಗೆ ಪಚಕ್, "ಇದ್ದೀನಿ," ಕೋಲಿನ ತುದಿ. ಹಾಬ್ಲಿನ್ ಕೈಗೆ ಚರ್ಮದ ಗವಸು ಹಾಕ್ಕೊಂಡು ಬರೋಕೆ ಶುರು ಮಾಡಿದ. ಪಾಸ್ಕೋ ಮುಖದಲ್ಲಿ ಒಂದು ಗೆರೆ ಹೆಚ್ಚಲಿಲ್ಲ, ಆದ್ರೆ ಅಷ್ಟರಲ್ಲಿ ಜನ ಆ ಮುಖ ನೋಡೋದನ್ನೇ ಬಿಟ್ಟಿದ್ರು. ತಾಮ್ಸಿನ್‌ಗೆ ಮೂವತ್ತೈದಕ್ಕೇ ತಲೆಗೂದಲು ಬೆಳ್ಳಗಾಯ್ತು. ಊಟದ ಮೇಜು ಹೊರಗೆ ಹಾಕಿ, ಹನಿ ಬೀಳೋ ಜಾಗಕ್ಕೆ ಹಾಲಿನ ಬಕೆಟ್ ಇಟ್ಲು. ಅದನ್ನ ದಿನಾ ತಾನೇ ಚೆಲ್ಲೋಳು, ಮಕ್ಕಳ ಕೈಗೆ ಕೊಡ್ತಿರಲಿಲ್ಲ.

ಪೆರ್ನೆಲ್ ಮದುವೆ ಆಯ್ತು. ಆಮೇಲೆ ಡಾರ್ಕಸ್‌ದು, ಟಾಟ್ನೆಸ್‌ನ ಒಬ್ಬ ಒಳ್ಳೆ ನೇಕಾರನ ಜೊತೆ. ಮಗಳು ಚರ್ಚಿನಿಂದ ಗಂಡನ ಮನೆಗೆ ಹೊರಟ ಕೂಡ್ಲೇ ತಾಮ್ಸಿನ್ ಹಬ್ಬದ ಬಟ್ಟೆಯಲ್ಲೇ ನೇರ ಹಾಬ್ಲಿನ್ ಹತ್ರ ಹೋದಳು.

"ಪಾಸ್ಕೋ ಸತ್ತ, ಬರ್ಕೊಳ್ಳಿ."

"ಯಾವಾಗ?"

"ಹನ್ನೆರಡು ವರ್ಷ ಆಯ್ತು. ಸಮುದ್ರದಲ್ಲಿ."

ಹಾಬ್ಲಿನ್ ಗವಸು ತೆಗೆದು ತನ್ನ ಕೈಯನ್ನೇ ಬಹಳ ಹೊತ್ತು ನೋಡಿದ. ಸತ್ತ, ಅಂತಷ್ಟೇ ಬರೆದ.

ಅವಳು ಮನೆಗೆ ಬಂದಾಗ ಬಕೆಟ್ಟಿಗೆ ಹನಿ ಬೀಳ್ತಿರಲಿಲ್ಲ. ಗೇಣಿಯ ಕೊನೇ ಜೀವ ಹೋದ್ರೆ ಒಳ್ಳೆ ದನ ಒಡೆಯರಿಗೆ ಅನ್ನೋ ಸಂಪ್ರದಾಯದಂತೆ ಅವರ ಆಳುಗಳು ಬಂದು ಇದ್ದುದರಲ್ಲಿ ಒಳ್ಳೆ ಹಸು ಹೊಡ್ಕೊಂಡು ಹೋದ್ರು. ವಾರದೊಳಗೆ ಮನೆ ಖಾಲಿ ಮಾಡು ಅಂದ್ರು. ಸಾಮಾನು ಸಾಗಿಸೋಕೆ ನಾನು ಹೋಗಿದ್ದೆ. ಹೌದು, ನಾನೇ, ಈ ಎರಡು ಕಣ್ಣಲ್ಲಿ ನೋಡಿದ್ದು. ಆ ಹನ್ನೆರಡು ವರ್ಷದಲ್ಲಿ ಅವಳು ಅಟ್ಟಕ್ಕೆ ಕಾಲಿಟ್ಟಿದ್ದು ಆವತ್ತೇ ಮೊದಲು, ನನ್ನ ಕೈ ಬಿಗಿಯಾಗಿ ಹಿಡ್ಕೊಂಡಿದ್ಲು. ಮೇಲೆ ಯಾರೂ ಇಲ್ಲ. ಹಾಸಿಗೆ ಒಣಗಿತ್ತು, ಹೊದಿಕೆಯಲ್ಲಿ ಒಂದು ಸುಕ್ಕಿಲ್ಲ. ಹಾಸಿಗೆ ಪಕ್ಕದಲ್ಲಿ, ಎರಡು ಬೆರಳು ದಪ್ಪದ ಓಕ್ ಹಲಗೆ ಎರಡು ಕಡೆ ಕೊಳೆತು ತೂತಾಗಿತ್ತು. ಬೂಟಿನ ಅಳತೆಗೆ. ಒಂದು ಎಡಗಾಲು, ಒಂದು ಬಲಗಾಲು.

ತಾಮ್ಸಿನ್ ಅಲ್ಲೇ ಕುಸಿದು ಕೂತಳು. ಎಬ್ಬಿಸೋಕೆ ಇಬ್ಬರು ಬೇಕಾಯ್ತು.

ಆ ಮನೇಲಿ ಈಗ ಬೇರೆ ಒಕ್ಕಲಿದೆ. ಹಲಗೆ ಬದಲಾಯಿಸಿಲ್ಲ, ಮೇಲೆ ಗೋಣಿ ಹಾಸಿದಾರೆ. ನಾನು ಸುಳ್ಳು ಹೇಳ್ತಿದೀನಿ ಅನ್ನೋರು ನಾಳೆ ಹೋಗಿ ಆ ಗೋಣಿ ಎತ್ತಿ ನೋಡ್ಲಿ. ನನ್ನ ಕಾಲಿಟ್ಟು ನೋಡಿದೀನಿ, ನನಗಿಂತ ನಾಲ್ಕು ಬೆರಳು ಉದ್ದ. ಬೂಟಿನ ತುದಿ ಎರಡೂ ಹಾಸಿಗೆ ಕಡೆಗೇ ಇದೆ.