ಬಲಗಡೆಯ ಕಾಲಂ

ಸಹಿ ಹಾಕು ಅಂದೆ, ಪಾಠ ಒಪ್ಪಿಸು ಅನ್ನಲಿಲ್ಲ. ಅದೇನು ಮೂರು ಮೂರು ಸಲ ಓದ್ತಿದ್ದೀಯ? ಇರೋದೇ ಅರ್ಧ ಪುಟ. ‘ರೋಗಿಗಳ ಪಟ್ಟಿಯನ್ನು ಬೇರೆ ಬೇರೆ ಕಾಲಂಗಳಾಗಿ ಒಡೆಯುವಾಗ ನನ್ನ ಅಜಾಗರೂಕತೆಯಿಂದ ಸಂಬಂಧಿಕರ ಫೋನ್ ನಂಬರುಗಳು ಅಳಿಸಿಹೋದವು.’ ಅಷ್ಟೇ. ಕೆಳಗೆ ನಿನ್ನ ಹೆಸರು. ವಿಚಾರಣೆಯವರು ನಾಲ್ಕಕ್ಕೆ ಕರೀತಾರೆ, ಈಗ ಮೂರೂವರೆ.

ನೋಡು, ಗಡಿಯಾರ ನೋಡು. ಅದು ನಿನ್ನ ಮುಖ ನೋಡಿ ನಿಲ್ಲಲ್ಲ.

ನಿನ್ನ ಒಳ್ಳೇದಕ್ಕೇ ಹೇಳ್ತಿರೋದು. ಸೇರಿ ಆರು ತಿಂಗಳಾಗಿಲ್ಲ, ಹೊಸಬಳು, ಏನೋ ಆಗೋಯ್ತು ಅಂತ ಒಂದು ಎಚ್ಚರಿಕೆ ಪತ್ರ ಕೊಟ್ಟು ಬಿಟ್ಟುಬಿಡ್ತಾರೆ. ಇಲ್ಲ ಅಂತ ವಾದ ಮಾಡಿದರೂ ಕಂಪ್ಯೂಟರು ನಿನ್ನ ಹೆಸರನ್ನೇ ತೋರಿಸುತ್ತೆ. ನನ್ನ ಮೇಲೆ ಬಂದರೆ ಹಾಗಲ್ಲ. ಈ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಮೈ ತೇದಿದ್ದೀನಿ... ಯಾಕೆ ನಗ್ತೀಯ?

ನಗಲಿಲ್ವಾ? ತುಟಿ ಅಲ್ಲಾಡಿತು, ನಾನು ಕಂಡೆ. ಈ ಏನೂ ಅರಿಯದ ಮುಖ ಇಟ್ಕೊಂಡೇ ತಾನೇ ನನ್ನ ತಮ್ಮನ್ನ ಬುಟ್ಟಿಗೆ ಹಾಕ್ಕೊಂಡಿದ್ದು. ಅತ್ತಿಗೆ, ಅತ್ತಿಗೆ ಅಂತ ನನ್ನ ಹಿಂದೆ ಮುಂದೆ ಸುತ್ತಿ ಈ ಕೆಲಸ ಕೊಡಿಸ್ಕೊಂಡೆ. ಬಂದ ಮೂರು ತಿಂಗಳಿಗೆ ಡಾಕ್ಟರುಗಳೆಲ್ಲ ನನ್ನ ಮೇಜು ದಾಟ್ಕೊಂಡು ನಿನ್ನ ಮೇಜಿಗೆ ಬರೋ ಹಾಗಾಯ್ತು. ನಾನು ಸೇರಿದಾಗ ಇಲ್ಲಿ ಇದ್ದಿದ್ದು ರಟ್ಟಿನ ದೊಡ್ಡ ಪುಸ್ತಕಗಳು. ಯಾವ ವಾರ್ಡಿನ ಯಾವ ಹಾಸಿಗೆಯಲ್ಲಿ ಯಾರಿದ್ದಾರೆ ಅಂತ ಕಣ್ಣು ಮುಚ್ಕೊಂಡು ಹೇಳ್ತಿದ್ದೆ. ಈಗ ನಾನು ಬಾಯಿ ತೆರೆಯೋ ಮುಂಚೆ, ಇರಿ ಮೇಡಂ, ಅವರನ್ನ ಕೇಳ್ತೀವಿ ಅಂತಾರೆ. ಅವರು ಅಂದ್ರೆ ನೀನು. ಬಾಯಲ್ಲಿ ಬೆರಳಿಟ್ಟರೆ ಕಚ್ಚೋಕೆ ಬಾರದ ನೀನು.

ಸರಿ, ಪಟ್ಟಿಯ ವಿಷಯ ಕೇಳ್ತಾರೆ, ಹೀಗೆ ಹೇಳು. ಹಳೇ ಕಂಪ್ಯೂಟರಿನಿಂದ ಬಂದಾಗ ಎಲ್ಲ ಒಂದೇ ಕಾಲಂನಲ್ಲಿ ಇತ್ತು. ಹೆಸರು, ವಯಸ್ಸು, ವಾರ್ಡು, ಹಾಸಿಗೆ, ಫೋನ್ ನಂಬರು, ಮಧ್ಯೆ ಒಂದೊಂದು ಕಾಮಾ. ಒಂದೇ ಚೀಲಕ್ಕೆ ಮನೆಮಂದಿಯ ಬಟ್ಟೆಯೆಲ್ಲ ತುರುಕಿದ ಹಾಗೆ. ಆ ನಂಬರುಗಳೂ ಹಳೇವು, ಯಾವ ಕಾಲದಲ್ಲೋ ಕೊಟ್ಟಿದ್ದು. ಅದಕ್ಕೇ ನೀನು ಎಂಟು ದಿನ ಹಾಸಿಗೆಯಿಂದ ಹಾಸಿಗೆಗೆ ಅಲೆದು, ನೋಡೋಕೆ ಬಂದವರನ್ನ ಕೇಳಿ ಕೇಳಿ, ಹೊಸ ನಂಬರುಗಳನ್ನ ಬಲಗಡೆಯ ಕಾಲಂನಲ್ಲಿ ತುಂಬಿಸಿದ್ದೆ. ನೂರಾ ಹನ್ನೆರಡು ಜನದ್ದು. ಅಲ್ಲಿಯವರೆಗೂ ನಿಜಾನೇ ಹೇಳು, ನಿನಗೇ ಒಳ್ಳೇ ಹೆಸರು.

ಆಮೇಲೆ, ವಾರ್ಡುವಾರು ಪಟ್ಟಿ ಬೇಕು ಅಂತ ದೊಡ್ಡ ಡಾಕ್ಟರು ಅವಸರ ಮಾಡಿದ್ರು, ಒಡೆದೆ ಅನ್ನು. ಒಡೆಯೋದೇನು ಬ್ರಹ್ಮವಿದ್ಯೆಯಲ್ಲ. ಕಾಲಂ ಮೇಲೆ ಒಂದು ಕ್ಲಿಕ್ಕು, ಕಾಮಾ ಸಿಕ್ಕಲ್ಲೆಲ್ಲ ಕತ್ತರಿಸು ಅಂತ ಇನ್ನೊಂದು ಕ್ಲಿಕ್ಕು, ಒಂದು ಕಾಲಂ ಐದಾಗುತ್ತೆ. ಐದಕ್ಕೂ ಜಾಗ ಬೇಕಲ್ಲ? ಬಲಗಡೆ ಏನಿದೆಯೋ ಅದರ ಮೇಲೇ ಹೋಗಿ ಕೂರುತ್ತೆ. ಮೊದಲೇ ಪಕ್ಕದಲ್ಲಿ ನಾಲ್ಕು ಖಾಲಿ ಕಾಲಂ ಸೇರಿಸಿ ಇಟ್ಕೋಬೇಕು, ಇಟ್ಕೊಳ್ಳಲಿಲ್ಲ. ಹೊಸ ನಂಬರುಗಳು ಹೋದವು, ಹಳೇ ನಂಬರುಗಳು ಅಚ್ಚುಕಟ್ಟಾಗಿ ಕೂತವು. ಅದೇ ಪಟ್ಟಿ ವಾರ್ಡುಗಳಿಗೆ ಹೋಯ್ತು.

ಬಡಗಿಯ ವಿಷಯ ನೀನಾಗಿ ಎತ್ತಬೇಡ. ಅವರೇ ಎತ್ತುತ್ತಾರೆ. ಗಂಡಸರ ವಾರ್ಡು, ಇಪ್ಪತ್ತೇಳನೇ ಹಾಸಿಗೆ. ಗುರುವಾರ ಬೆಳಗ್ಗೆ ಉಸಿರು ಕಟ್ಟೋಕೆ ಶುರುವಾಯ್ತು. ನರ್ಸು ಪಟ್ಟಿ ನೋಡಿ ಮಗಳಿಗೆ ಫೋನ್ ಮಾಡಿದಳು. ಯಾವುದೋ ಹೊಲಿಗೆ ಅಂಗಡಿಗೆ ಹೋಯ್ತು. ರಾಂಗ್ ನಂಬರ್ ಅಂದ್ರು. ಮತ್ತೆ ಮಾಡಿದಳು, ಬೈದು ಇಟ್ಟರು. ಆ ಮನುಷ್ಯನಿಗೆ ಮಗಳ ನಂಬರು ಬಾಯಿಗೆ ಬರ್ತಿರಲಿಲ್ಲ. ಬಂದಳಾ, ಬಂದಳಾ ಅಂತ ಒಂದೂವರೆ ದಿನ ಕೇಳಿದನಂತೆ. ಬರ್ತಾಳೆ, ದಾರಿಯಲ್ಲಿದ್ದಾಳೆ ಅಂತ ನರ್ಸು ಸುಳ್ಳು ಹೇಳಿದಳಂತೆ. ಶುಕ್ರವಾರ ಸಂಜೆ ಮುಗೀತು. ಮಗಳಿಗೆ ಕೈಗವಸು ಹೊಲಿಯೋ ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಮಾತ್ರ ಬಿಡುವು. ಭಾನುವಾರ ಒಗೆದ ಅಂಗಿ ತಗೊಂಡು ಬಂದಳು. ಇಪ್ಪತ್ತೇಳರಲ್ಲಿ ಬೇರೆ ಯಾರೋ ಮಲಗಿದ್ರು.

ಅವಳು ಹೊಸ ನಂಬರನ್ನ ನಿನ್ನ ಕೈಗೇ ಕೊಟ್ಟಿದ್ದು, ಗೊತ್ತು. ನೀನು ಎರಡು ಸಲ ಓದಿ ಹೇಳಿದ್ದೂ ಗೊತ್ತು. ಏನಾದ್ರೂ ಆದರೆ ತಕ್ಷಣ ಫೋನ್ ಮಾಡ್ತೀವಿ, ನಿಶ್ಚಿಂತೆಯಾಗಿ ಹೋಗಮ್ಮ ಅಂದಿದ್ದೆಯಂತೆ. ಯಾರು ಹೇಳಿಸಿದ್ರು ನಿನ್ನ ಕೈಲಿ ಆ ಮಾತು?

ಏನು ನೋಡ್ತಿದ್ದೀಯ? ನೋಡು, ಕಂಪ್ಯೂಟರಿನ ತಪ್ಪು ಅಂತ ಮಾತ್ರ ಜಾರ್ಕೋಬೇಡ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗುತ್ತೆ. ಅದು ಹೇಳದೆ ಕೇಳದೆ ಅಳಿಸಲ್ಲ. ಇಲ್ಲಿ ಮೊದಲೇ ಏನೋ ಇದೆ, ಅದರ ಮೇಲೆ ಹಾಕಲಾ ಅಂತ ಪರದೆ ನಡುವೆ ಒಂದು ಚೌಕ ಬರುತ್ತೆ. ಬಾಗಿಲಲ್ಲಿ ನರ್ಸು ಬೇರೆ ನಿಂತು ಪಟ್ಟಿ ಎಲ್ಲಿ ಅಂತ ಕೂಗ್ತಿದ್ದಳು, ದೊಡ್ಡ ಡಾಕ್ಟರು ಎರಡು ಸಲ ಫೋನ್ ಮಾಡಿದ್ರು, ಸರಿ ಅಂತ ಒತ್ತಿದೆ.

ಯಾಕೆ ತಲೆ ಎತ್ತಿದೆ?

ಒತ್ತಿದೆ ಅಂದ್ರೆ, ನೀನು ಒತ್ತಿದೆ. ನಾನು ಅಂತ ಅಂದ್ನಾ? ಮಾತು ಎರಡಕ್ಕೂ ಒಂದೇ, ನಾನೇನು ಮಾಡಲಿ. ನರ್ಸು ಬಾಗಿಲಲ್ಲಿ ನಿಂತಿದ್ದು ನಿಮಗೆ ಹೇಗೆ ಗೊತ್ತು ಅಂತೀಯ... ಅನ್ನಲಿಲ್ಲ, ಆದರೆ ಅದನ್ನೇ ಯೋಚಿಸ್ತಿದ್ದೀಯ. ನಾನೂ ಈ ಕೋಣೆಯಲ್ಲೇ ಇದ್ದೆ, ಅಗೋ, ನನ್ನ ಮೇಜಿನಲ್ಲಿ. ಅಲ್ಲಿಂದ ನಿನ್ನ ಪರದೆ ಕಾಣಲ್ಲ, ಸರಿ.

ಆ ಹಾಜರಿ ಪುಸ್ತಕದ ಕಡೆ ನೋಡಬೇಡ. ಅದರಲ್ಲಿ ಏನೂ ಇಲ್ಲ. ಮಂಗಳವಾರ ಮಧ್ಯಾಹ್ನ ನೀನು ಹೊರಗೆ ಹೋಗಿದ್ದನ್ನ ನಾನು ಬರೆದಿಲ್ಲ. ಒಂದೆರಡು ಗಂಟೆ ತಾನೇ ಅಂತ ಬಿಟ್ಟೆ. ನಮ್ಮಮ್ಮನ ಕಣ್ಣು ತೋರಿಸೋಕೆ ಹೋಗಿದ್ದೆ ನೀನು. ಕರ್ಕೊಂಡು ಹೋಗಬೇಕಾಗಿದ್ದವಳು ನಾನು, ಹೆತ್ತ ಮಗಳು. ತಲೆ ಮೇಲೆ ಕೆಲಸ ಇದೆ ಅಂತ ನಿನ್ನನ್ನ ಅಟ್ಟಿದೆ. ಬೇಕಾಗಬಹುದು ಅತ್ತಿಗೆ ಅಂತ ಪಾಸ್‌ವರ್ಡನ್ನ ಚೀಟಿಯಲ್ಲಿ ಬರೆದು ಇಟ್ಟು ಹೋದೆ.

ಇನ್ನೂ ಏನು? ನಿನಗೆ ಫೋನ್ ಮಾಡಿ ಕೇಳಬಹುದಿತ್ತು. ಒಂದು ಗಂಟೆ ಕಾಯಿರಿ, ಅವಳು ಬಂದು ಮಾಡಿಕೊಡ್ತಾಳೆ ಅಂತ ದೊಡ್ಡ ಡಾಕ್ಟರಿಗೆ ಹೇಳಬಹುದಿತ್ತು. ಅವಳು ಬಂದು ಮಾಡಿಕೊಡ್ತಾಳೆ. ಎಷ್ಟು ಸಲ ಹೇಳಲಿ ಆ ಮಾತು? ನಿನ್ನ ಹಿಂದೆ ನಿಂತು ಕದ್ದು ನೋಡಿದ್ದು ನೆನಪಿತ್ತು, ಕೂತೆ, ಮಾಡಿದೆ. ಕಾಲಂಗಳು ಒಂದರ ಪಕ್ಕ ಒಂದು ಬಿಡಿಸ್ಕೊಂಡವು. ಭೇಷ್ ಮೇಡಂ, ನಿಮಗೂ ಬರುತ್ತಾ ಅಂದಳು ನರ್ಸು. ಸೇವ್ ಮಾಡಿ ಕಳಿಸಿದೆ.

ಸಂಜೆ ನೀನು ಬಂದು, ಅತ್ತಿಗೆ, ನಂಬರುಗಳು ಕಾಣ್ತಿಲ್ಲ ಅಂದಾಗ, ನೀನೇ ಸೇವ್ ಮಾಡಿರಲ್ಲ ಅಂದೆ. ನಂಬಿಬಿಟ್ಟೆ ನೀನು. ನಿನ್ನನ್ನೇ ಬೈಕೊಂಡು ಮಾರನೇ ದಿನ ಒಂದನೇ ಹಾಸಿಗೆಯಿಂದ ಮತ್ತೆ ಶುರು ಮಾಡಿದೆ. ಶುಕ್ರವಾರಕ್ಕೆ ಹತ್ತೊಂಬತ್ತರವರೆಗೆ ಬಂದಿದ್ದೆ.

ಕೇಳಿದೆಯಲ್ಲ, ಅವಸರದಲ್ಲಿ ಆದ ತಪ್ಪು. ಯಾರಿಗೆ ಆಗಲ್ಲ? ಆ ಚೌಕದಲ್ಲಿ ಏನು ಬರೆದಿತ್ತು ಅಂತ ಯಾರು ಓದ್ತಾರೆ ಅಷ್ಟು ಗಡಿಬಿಡಿಯಲ್ಲಿ...

ಹಾಗೆ ನೋಡಬೇಡ ನನ್ನನ್ನ.

ಓದಿದೆ. ಓದು ಬಾರದವಳಾ ನಾನು? ಓದಿದೆ, ಬಲಗಡೆ ಏನಿದೆ ಅಂತ ಬಗ್ಗಿಯೂ ನೋಡಿದೆ. ನಿನ್ನ ಎಂಟು ದಿನದ ಓಡಾಟ ಇತ್ತು. ಬೇಡ ಅಂತ ಒತ್ತೋ ಬಟನ್ನು ಅದರ ಪಕ್ಕದಲ್ಲೇ ಇತ್ತು. ಹೋಗಲಿ, ಇನ್ನೊಂದು ಸಲ ಅಲೆದು ಬರ್ಕೋತಾಳೆ, ಸ್ವಲ್ಪ ಕೊಬ್ಬು ಇಳಿಯಲಿ ಅಂದ್ಕೊಂಡೆ. ನಿನ್ನ ಕೊಬ್ಬು ಅಂದ್ಕೊಂಡೆ. ಆ ಬಡಗಿ ನನ್ನ ಕಣ್ಣ ಮುಂದೆ ಇರಲೇ ಇಲ್ಲ.

ಬಾಗಿಲು ತಟ್ಟಿದ್ರು. ಬಂದೆ ಅಂತ ಹೇಳಿ ಅವರಿಗೆ... ನೀನಲ್ಲ, ಕೂತ್ಕೋ. ಆ ಕಾಗದ ಇಲ್ಲಿ ಕೊಡು. ಆ ಬಡಗಿಯ ಮಗಳೂ ವಿಚಾರಣೆಯವರ ಜೊತೆ ಒಳಗೇ ಕೂತಿದ್ದಾಳಂತೆ, ಅವಳ ಮುಖ ನೋಡ್ಕೊಂಡೇ ಹೇಳಬೇಕು. ಏನಾದ್ರೂ ಅನ್ನೇ. ಬಾಯಿಗೆ ಬಂದ ಹಾಗೆ ಬೈ, ಎದ್ದು ಎರಡು ಬಾರಿಸು, ತಡ್ಕೋತೀನಿ.

ಅನ್ನಲ್ಲ. ನೀನು ಅನ್ನಲ್ಲ.